ಇಂಗ್ಲಿಷ್ ಎಂ.ಎ. ಎಂಬ ಕನ್ನಡ ಪದವಿ: ಒಂದು ಪ್ರಮಾಣಬದ್ಧ ವಿಚಾರ

ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವನು ಏನಾಗುತ್ತಾನೆ ಎಂಬುದರ ಬಗ್ಗೆ ಲೋಕದಲ್ಲಿ ಎರಡು ಪೂರ್ವಪಕ್ಷಗಳಿವೆ. ಮೊದಲನೆಯದು ಮೆಕಾಲೆ ಪಕ್ಷ. 1835ರಲ್ಲಿ ಮಂಡಿತವಾದ ಇದರ ಪ್ರಕಾರ ಇಂಗ್ಲಿಷ್ ಓದಿದವನು ಒಳಗೊಳಗೇ ಇಂಗ್ಲೆಂಡಿನವನಾಗುತ್ತಾನೆ. ಎರಡನೆಯದು ಸೋದರಮಾವ ಪಕ್ಷ: 'ಎಂ.ಎ. ಇಂಗ್ಲಿಷಾ? ಹಾಗಾದ್ರೆ ಈ ಬ್ಯಾಂಕಿನ ಫಾರಂ ತುಂಬಿಕೊಡು.' ಮೊದಲನೆಯದಕ್ಕೆ ಅತಿವ್ಯಾಪ್ತಿ ದೋಷ. ಎರಡನೆಯದಕ್ಕೆ ಅನುಭವವೇ ಬಾಧಕ. ಆ ಫಾರಂ ತಪ್ಪಿದೆಯೆಂದು ವಾಪಸು ಬಂದಿತ್ತು. ಆದ್ದರಿಂದ ನಮ್ಮ ಸಿದ್ಧಾಂತ ಹೀಗಿದೆ: ಕರ್ನಾಟಕದಲ್ಲಿ ಇಂಗ್ಲಿಷ್ ಎಂ.ಎ. ಎನ್ನುವುದು ಕನ್ನಡ ಸಾಹಿತಿಯಾಗಲು ಇರುವ ಸುತ್ತುದಾರಿ.

(ಇಂಗ್ಲಿಷ್ ಸಾಹಿತ್ಯವನ್ನು ಓದಿ ಪದವಿ ಪಡೆಯಬಹುದೆಂದು ಆಕ್ಸ್‌ಫರ್ಡಿನವರು ಒಪ್ಪಿದ್ದು 1894ರಲ್ಲಿ. ನಮ್ಮ ಮದರಾಸು ವಿಶ್ವವಿದ್ಯಾಲಯ ಅಷ್ಟರಲ್ಲಾಗಲೇ ಮೂವತ್ತು ಚಿಲ್ಲರೆ ವರ್ಷಗಳಿಂದ ಹುಡುಗರನ್ನು ಇಂಗ್ಲಿಷಿನಲ್ಲಿ ನಪಾಸು ಮಾಡುತ್ತಿತ್ತು. ವಿಷಯಾಂತರವಾದರೂ ಹೇಳದಿರಲಾಗಲಿಲ್ಲ.)

ಮೊದಲು ಪ್ರತ್ಯಕ್ಷ ಪ್ರಮಾಣ. ತರಗತಿಯಲ್ಲಿ ವರ್ಡ್ಸ್‌ವರ್ತನ ಡ್ಯಾಫೊಡಿಲ್ ಬರುತ್ತದೆ. ಮೇಷ್ಟ್ರು ಅದನ್ನು ನೋಡಿಲ್ಲ, ಅವರ ಮೇಷ್ಟ್ರೂ ನೋಡಿರಲಿಲ್ಲ. 'ಹಳದಿ ಹೂವು. ಸೇವಂತಿಗೆ ಅಲ್ಲ, ಆದರೆ ಸದ್ಯಕ್ಕೆ ಸೇವಂತಿಗೆ ಅಂದ್ಕೊಳ್ಳಿ' ಎಂಬ ಭಾಷ್ಯ ಗುರುಪರಂಪರೆಯಿಂದ ಬಂದದ್ದು. ಹೀಗೆ ಮೊದಲ ಸೆಮಿಸ್ಟರಿನಲ್ಲೇ ವಿದ್ಯಾರ್ಥಿ ಇಂಗ್ಲೆಂಡಿನ ಸರೋವರದ ದಂಡೆಯಲ್ಲಿ ದೇವರಾಜ ಮಾರುಕಟ್ಟೆಯ ಮಾರು ಹೂವನ್ನು ಕಾಣತೊಡಗುತ್ತಾನೆ. ಚಾಸರನಿಗೆ ಏಪ್ರಿಲ್ ಎಂದರೆ ಸಂಭ್ರಮ, ಎಲಿಯಟ್ಟನಿಗೆ ಸಂಕಟ. ಈ ಭಿನ್ನಾಭಿಪ್ರಾಯದ ಬಗ್ಗೆ ಹದಿನಾರು ಅಂಕದ ಪ್ರಶ್ನೆ ಬಂದಾಗ, ಮಂಡ್ಯದ ಕಡೆಯ ಹುಡುಗನಿಗೆ ಏಪ್ರಿಲ್ ಎಂದರೆ ಕಾಲುವೆಗೆ ನೀರು ಬಿಡುತ್ತಾರೋ ಇಲ್ಲವೋ ಎನ್ನುವುದಷ್ಟೇ ಹೊಳೆಯುತ್ತದೆ. ಅವನು ಅದನ್ನು ಬರೆಯುವುದಿಲ್ಲ. ಬರೆಯದೆ ಉಳಿದದ್ದು ಒಳಗೆ ಹುಳಿಯುತ್ತಾ ಕೂರುತ್ತದೆ. ಎಲಿಯಟ್ಟನ 'ದಿ ವೇಸ್ಟ್ ಲ್ಯಾಂಡ್' (1922) ಮುಗಿಯುವುದೇ ಉಪನಿಷತ್ತಿನ ಶಾಂತಿಮಂತ್ರದಲ್ಲಿ. ಅಜ್ಜನ ಬಾಯಲ್ಲಿ ದಿನವೂ ಕೇಳಿದ ಆ ಪದದ ಅರ್ಥವನ್ನು ಹುಡುಗ ಗೈಡಿನಿಂದ ಇಂಗ್ಲಿಷಿನಲ್ಲಿ ಉರುಹೊಡೆಯುತ್ತಾನೆ.

ಥಿಯರಿ ಪತ್ರಿಕೆಯ ವಿಚಾರ ಇನ್ನೂ ಸೂಕ್ಷ್ಮ. ಲೇಖಕ ಸತ್ತನೆಂದು ರೋಲಾ ಬಾರ್ತ್ 1967ರಲ್ಲೇ ಸಾರಿದರೂ ಸುದ್ದಿ ಪ್ರಶ್ನೆಪತ್ರಿಕೆಯವರೆಗೆ ತಲುಪಿಲ್ಲ; ಲೇಖಕನ ಜೀವನ ಮತ್ತು ಕೃತಿಗಳ ಬಗ್ಗೆ ಈಗಲೂ ಟಿಪ್ಪಣಿ ಕೇಳುತ್ತಾರೆ. ಡೆರಿಡಾ ಅರ್ಥವಾಗುವುದು ಕ್ಯಾಂಟೀನಿನಲ್ಲಿ, ಅದೂ ಕನ್ನಡದಲ್ಲಿ: 'ನೋಡು ಗುರು, ಡಿಕ್ಷನರಿಲಿ ಒಂದು ಪದಕ್ಕೆ ಅರ್ಥ ಹುಡುಕಿದ್ರೆ ಇನ್ನೊಂದು ಪದ ಸಿಗುತ್ತೆ. ಅದಕ್ಕೆ ಹುಡುಕಿದ್ರೆ ಮತ್ತೊಂದು. ಅಷ್ಟೇ. ಬೈಟು ಕಾಫಿ ಹೇಳು.'

ಇನ್ನು ಅನ್ವಯ ವ್ಯತಿರೇಕಗಳು. ಎಲ್ಲಿ ಇಂಗ್ಲಿಷ್ ಇಲಾಖೆಯೋ ಅಲ್ಲಿ ಕನ್ನಡ ಎಂಬುದು ಅನ್ವಯ. ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ. ಶ್ರೀಕಂಠಯ್ಯ 'ಇಂಗ್ಲಿಷ್ ಗೀತಗಳು' ಎಂದು ಹೆಸರಿಟ್ಟು ಬರೆದದ್ದು ಕನ್ನಡ ಪದ್ಯ. ಅಡಿಗ, ಲಂಕೇಶ್, ಶಾಂತಿನಾಥ ದೇಸಾಯಿ, ಚಂಪಾ, ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಅನಂತಮೂರ್ತಿಯವರ ಪ್ರಕರಣವಂತೂ ಪ್ರಾಮಾಣಿಕರಿಗೆ ಹಬ್ಬ. ಪಿಎಚ್.ಡಿ.ಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದವರು ಅಲ್ಲಿ ಬರ್ಗ್‌ಮನ್ನನ ಸ್ವೀಡಿಷ್ ಚಿತ್ರ 'ದಿ ಸೆವೆಂತ್ ಸೀಲ್' ನೋಡಿ, ದೂರ್ವಾಸಪುರದ ಅಗ್ರಹಾರದಲ್ಲಿ ಹೆಣ ಕೊಳೆಯುವ 'ಸಂಸ್ಕಾರ' ಬರೆದರು. ಅದನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಮೈಸೂರಿನಲ್ಲೇ ಇಂಗ್ಲಿಷ್ ಓದಿದ ಎ.ಕೆ. ರಾಮಾನುಜನ್. ಈಗ ಅದು ಇಂಗ್ಲಿಷ್ ಎಂ.ಎ.ಗೆ ಪಠ್ಯ. ನಮ್ಮ ಹುಡುಗರು ಅದಕ್ಕೂ ಗೈಡು ಓದುತ್ತಾರೆ.

ಎರಡು ವರ್ಷದ ಕೋರ್ಸನ್ನು ಒಂದೇ ಭೇಟಿಯಲ್ಲಿ ಮುಗಿಸಿದವರು ಕುವೆಂಪು. ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದ ಅವರಿಗೆ, ನಿಮ್ಮ ಭಾಷೆಯಲ್ಲಿ ಬರೆಯಬಾರದೇ ಎಂದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಶುಲ್ಕವೂ ಉಳಿಯಿತು.

ವ್ಯತಿರೇಕಕ್ಕೆ ಒಬ್ಬರೇ ಸಾಕು: ಆರ್.ಕೆ. ನಾರಾಯಣ್. ಬಿ.ಎ. ಮುಗಿಸಿ ಎಂ.ಎ.ಗೆ ಸೇರಲು ಮಹಾರಾಜ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದವರನ್ನು ಗೆಳೆಯನೊಬ್ಬ ಅರ್ಧದಲ್ಲೇ ತಡೆದ, ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಆಸೆಯೇ ಹೋಗುತ್ತದೆಂದು ವಾಪಸು ಕಳಿಸಿದ. ಇದನ್ನು ನಾರಾಯಣ್ ತಮ್ಮ ಆತ್ಮಕತೆಯಲ್ಲೇ ಹೇಳಿಕೊಂಡಿದ್ದಾರೆ. ಪರಿಣಾಮ ಜಗತ್ತಿಗೇ ಗೊತ್ತು: ಎಂ.ಎ. ಮಾಡದ ಆ ಮನುಷ್ಯ ಜೀವನವಿಡೀ ಇಂಗ್ಲಿಷಿನಲ್ಲೇ ಬರೆದರು. ಆ ಗೆಳೆಯ ಸುಮ್ಮನಿದ್ದಿದ್ದರೆ ಮಾಲ್ಗುಡಿ ಕನ್ನಡದಲ್ಲಿರುತ್ತಿತ್ತು ಎಂಬ ಅನುಮಾನಕ್ಕೆ ಯಾವ ಹೇತ್ವಾಭಾಸವೂ ನನಗೆ ಕಾಣದು. ನಾರಾಯಣರ ಮನೆಮಾತು ತಮಿಳು ಎಂದು ನನ್ನ ಹೆಂಡತಿ ಆಕ್ಷೇಪಿಸಿದ್ದಾಳೆ. ಅವಳು ಬಿ.ಕಾಂ.

ಸಿದ್ಧಾಂತಕ್ಕೆ ಪ್ರಯೋಗದ ಬಲವೂ ಇರಲೆಂದು ನಾನೇ ಕ್ಷೇತ್ರಕಾರ್ಯ ಕೈಗೊಂಡೆ. ಪ್ರವೇಶದ ದಿನಗಳಲ್ಲಿ ಒಂದು ಇಲಾಖೆಯ ಮೆಟ್ಟಿಲ ಮೇಲೆ ನಿಂತು, ಇಂಗ್ಲಿಷ್ ಎಂ.ಎ.ಗೆ ಸೇರಲು ಬರುವ ಒಬ್ಬನನ್ನಾದರೂ ಅರ್ಧದಲ್ಲಿ ತಡೆದು, ಅವನು ಮುಂದೆ ಯಾವ ಭಾಷೆಯಲ್ಲಿ ಬರೆಯುತ್ತಾನೆಂದು ನೋಡುವುದು ಉದ್ದೇಶ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಯಾರೂ ಹತ್ತಲಿಲ್ಲ. ಕೊನೆಗೆ ಜವಾನ ಬಂದು ವಿಚಾರಿಸಿದ.

'ಯಾರು ಬೇಕಿತ್ತು ಸಾರ್? ಅರ್ಜಿ ಎಲ್ಲ ಈಗ ಆನ್‌ಲೈನು.'