ಗಂಡಿಕೋಟದ ಚಳಿ

ಆಂಧ್ರಪ್ರದೇಶದ ಕಡಪ ಜಿಲ್ಲೆಯ ಜಮ್ಮಲಮಡುಗಿಗೆ ಸುಮಾರು 15 ಕಿ.ಮೀ. ದೂರದಲ್ಲಿ, ಎರ್ರಮಲ ಬೆಟ್ಟಗಳನ್ನು ಪೆನ್ನಾ ನದಿ ಕೊರೆದುಕೊಂಡು ಹೋದ ಕಮರಿಯ ನೆತ್ತಿಯ ಮೇಲೆ ಗಂಡಿಕೋಟವಿದೆ. ಇದನ್ನು ‘ಭಾರತದ ಗ್ರ್ಯಾಂಡ್ ಕ್ಯಾನ್ಯನ್’ ಎಂದು ಕರೆಯುವುದು ರೂಢಿ. ಹಾಗೆ ಕರೆಯುವವರಲ್ಲಿ ಬಹುಪಾಲು ಮಂದಿ ಅಮೆರಿಕದ್ದನ್ನು ನೋಡಿದವರಲ್ಲ. ನೋಡಿ ಬಂದವರು ತಂಡದಲ್ಲಿ ಒಬ್ಬರಾದರೂ ಇದ್ದು, ಅಲ್ಲಿಯದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳವೆಂದು ಸರಿಯಾದ ಸಮಯಕ್ಕೆ ನೆನಪಿಸಿ ಉಳಿದವರ ಸಂತೋಷಕ್ಕೆ ತಣ್ಣೀರೆರಚುತ್ತಾರೆ.

ಪೆನ್ನಾ ಹುಟ್ಟುವುದು ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಸಾಲಿನಲ್ಲಿ. ಕನ್ನಡದವರಿಗೆ ಅದು ಉತ್ತರ ಪಿನಾಕಿನಿ. ತವರಿನಲ್ಲಿ ವರ್ಷದ ಹೆಚ್ಚು ಕಾಲ ನೀರಿಲ್ಲದೆ ಮಲಗಿರುವ ಈ ಹೊಳೆ, ನೂರು ಕೋಟಿ ವರ್ಷಕ್ಕೂ ಹಳೆಯದಾದ ಬೆಣಚು ಜಾತಿಯ ಗಟ್ಟಿ ಬಂಡೆಯನ್ನು ಸೀಳಿತೆಂದರೆ ಯಾರಿಗೂ ಮೊದಲ ಸಲಕ್ಕೆ ನಂಬಿಕೆ ಬರುವುದಿಲ್ಲ. ಗಡುವು ವಿಧಿಸುವವರು ಯಾರೂ ಇಲ್ಲದಿದ್ದರೆ ಎಂಥ ಕೆಲಸವೂ ಮುಗಿಯುತ್ತದೆ. ಈಗ ಕಮರಿಯ ತಳದಲ್ಲಿ ಹಸಿರಾಗಿ ನಿಂತು ಕಾಣುವ ನೀರಿಗೆ ಮೈಲವರಂ ಅಣೆಕಟ್ಟಿನ ಹಿನ್ನೀರೂ ಕಾರಣ.

ಇಲ್ಲಿಗೆ ಹೋಗಲು ತಕ್ಕ ಕಾಲ ನವೆಂಬರಿನಿಂದ ಫೆಬ್ರುವರಿ. ರಾಯಲಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾದ ಬಂಡೆಯ ಮೇಲೆ ನಿಂತು ಪ್ರಕೃತಿಯನ್ನು ಹೊಗಳುವ ತ್ರಾಣ ಆಗ ಯಾರಲ್ಲೂ ಉಳಿದಿರುವುದಿಲ್ಲ. ಚಳಿಗಾಲವೂ ಇಲ್ಲಿ ದಿನವಿಡೀ ಇರುವಂಥದ್ದಲ್ಲ. ಬೆಳಗಿನ ಜಾವ ಕಮರಿಯ ಅಂಚಿನ ಗಾಳಿಗೆ ಹಲ್ಲು ಕಟಕಟಿಸುತ್ತದೆ, ಹತ್ತು ಗಂಟೆಗೆ ಬೆನ್ನು ಬೆವರುತ್ತದೆ, ಮಧ್ಯಾಹ್ನ 30 ಡಿಗ್ರಿಯ ಆಸುಪಾಸು. ಈ ಹವೆಯಿಂದಾಗಿ ಪ್ರವಾಸಿಗರಲ್ಲಿ ಎರಡು ಪಂಗಡಗಳಾಗಿವೆ. ಸ್ವೆಟರು, ಶಾಲು, ಮಂಕಿ ಕ್ಯಾಪ್ ತಂದವರು ಮೂರು ಗಂಟೆ ಬೆಚ್ಚಗಿದ್ದು ಉಳಿದ ಹೊತ್ತೆಲ್ಲ ಅವನ್ನು ಹೊತ್ತು ತಿರುಗುತ್ತಾರೆ. ತರದವರು ಮೂರು ಗಂಟೆ ನಡುಗಿ, ಆಮೇಲೆ ಮೊದಲನೆಯವರನ್ನು ನೋಡಿ ನಗುತ್ತಾರೆ. ಪ್ರತಿ ಪಂಗಡಕ್ಕೂ ತಾನೇ ಜಾಣ ಎಂದು ಹೇಳಿಕೊಳ್ಳಲು ಅರ್ಧ ದಿನ ಸಿಗುತ್ತದೆ.

ಬೆಂಗಳೂರಿನಿಂದ ದೂರ ಸುಮಾರು 280 ಕಿ.ಮೀ. ವಾರಾಂತ್ಯದ ತಂಡಗಳು ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಡುವುದೆಂದು ತೀರ್ಮಾನಿಸಿ ಹನ್ನೆರಡೂವರೆಗೆ ಹೊರಡುತ್ತವೆ. ತಡವಾದವನು ಯಾವಾಗಲೂ ಕಾರಿನ ಯಜಮಾನನೇ ಆಗಿರುವುದರಿಂದ ಯಾರೂ ಬಾಯಿ ಬಿಡುವಂತಿಲ್ಲ. ಬಾಗೇಪಲ್ಲಿಯ ಟೋಲ್ ದಾಟಿದ ಮೇಲೆ ಮುಂದಿನ ಸೀಟಿನವನು ನಿದ್ದೆ ಹೋಗುತ್ತಾನೆ. ಅವನನ್ನು ಅಲ್ಲಿ ಕೂರಿಸಿದ್ದೇ ಚಾಲಕನಿಗೆ ನಿದ್ದೆ ಬಾರದಂತೆ ಮಾತಾಡಿಸಲು.

ಹಿಂದಿನ ದಿನವೇ ತಲುಪಿದವರು ಟೆಂಟ್ ಬಾಡಿಗೆಗೆ ಹಿಡಿಯುತ್ತಾರೆ. ಟೆಂಟಿನ ಕೆಳಗೆ ಕಲ್ಲು, ಮೇಲೆ ಇಬ್ಬನಿ, ಪಕ್ಕದಲ್ಲಿ ಮತ್ತೊಬ್ಬರ ಬ್ಲೂಟೂತ್ ಸ್ಪೀಕರು. ಪೇಟೆಯ ಗದ್ದಲದಿಂದ ದೂರ ಹೋಗಬೇಕೆಂದು ಎಲ್ಲರೂ ಒಂದೇ ವಾರ ಯೋಚಿಸಿದರೆ ಆಗುವುದು ಹೀಗೆಯೇ.

ಸೂರ್ಯೋದಯ ಆರೂವರೆಯ ಸುಮಾರಿಗೆ. ನೋಡುವ ಜಾಗಕ್ಕೆ ಕೊನೆಯ ಸ್ವಲ್ಪ ದೂರ ದೊಡ್ಡ ದೊಡ್ಡ ಬಂಡೆಗಳನ್ನು ಹತ್ತಿಳಿದು ಹೋಗಬೇಕು. ಬಿಸಿಲು ಮೊದಲು ಎದುರು ಗೋಡೆಯ ತಲೆಯನ್ನು ಮುಟ್ಟುತ್ತದೆ. ಬೂದುಬಣ್ಣದ ಕಲ್ಲು ಅಲ್ಲಿಂದ ಕೆಂಪಾಗುತ್ತ, ಒಂದೊಂದೇ ಪದರ ಇಳಿಯುತ್ತ ಬರುತ್ತದೆ. ಬಂಡೆಗಳು ಚೌಕಚೌಕವಾಗಿ ಒಡೆದು, ಯಾವನೋ ಗಾರೆಯವನು ಸಿಮೆಂಟ್ ಹಾಕುವುದನ್ನು ಮರೆತು ಜೋಡಿಸಿಟ್ಟ ಹಾಗಿವೆ. ಅವುಗಳ ಸಂದಿಯಲ್ಲಿ ಕುರುಚಲು ಗಿಡ, ಗಿಡದ ಬುಡದಲ್ಲಿ ಖಾಲಿ ಚಿಪ್ಸ್ ಪೊಟ್ಟಣ. ಈ ಬಣ್ಣದಾಟ ನಡೆಯುವಷ್ಟು ಹೊತ್ತೂ ಜನ ಕಮರಿಗೆ ಬೆನ್ನು ಹಾಕಿ ನಿಂತಿರುತ್ತಾರೆ, ಫೋಟೊದಲ್ಲಿ ಮುಖ ಬರಬೇಕಲ್ಲ.

ಅಂಚಿನ ಬಹುಭಾಗಕ್ಕೆ ಕಂಬಿಯಿಲ್ಲ. ಆ ಕೆಲಸವನ್ನು ಕುಟುಂಬದ ಹಿರಿಯ ಹೆಂಗಸರು ನಿರ್ವಹಿಸುತ್ತಾರೆ. “ಲೋ, ಇನ್ನೊಂದ್ ಹೆಜ್ಜೆ ಮುಂದಿಟ್ರೆ ನೋಡು!” ಎಂಬ ಕೂಗಿಗೆ ಕೂಗಿಸಿಕೊಂಡವನಷ್ಟೇ ಅಲ್ಲ, ಆಸುಪಾಸಿನ ನಾಲ್ಕು ಮನೆಗಳ ಮಕ್ಕಳೂ ಹಿಂದೆ ಸರಿಯುತ್ತಾರೆ. ಭಾಷೆ ಕನ್ನಡವೋ ತೆಲುಗೋ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ.

ಬೆಳಗಿನ ಇಡ್ಲಿ ಆದ ಮೇಲೆ ಕೋಟೆ. ಮೂರು ಕಡೆ ಕಮರಿ, ಕಡಿದಾದ ಬೆಟ್ಟ ಕಾವಲಿದ್ದುದರಿಂದ ವಿಜಯನಗರದ ಕಾಲದ ಪೆಮ್ಮಸಾನಿ ನಾಯಕರಿಗೆ ಇದು ನೆಚ್ಚಿನ ನೆಲೆ. ಮಾಧವರಾಯ ಮತ್ತು ರಂಗನಾಥ ದೇವಾಲಯಗಳು, ಜಾಮಿಯಾ ಮಸೀದಿ, ದೊಡ್ಡ ಕಣಜ ಇಂದಿಗೂ ನಿಂತಿವೆ. 1650ರ ಸುಮಾರಿಗೆ ಗೋಲ್ಕೊಂಡದ ಮೀರ್ ಜುಮ್ಲಾ ಕೋಟೆಯನ್ನು ಗೆದ್ದ. 1652ರಲ್ಲಿ ಅವನನ್ನು ಕಾಣಲು ಬಂದ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ: ದೇವಾಲಯಗಳ ತಾಮ್ರದ ವಿಗ್ರಹಗಳನ್ನು ಕರಗಿಸಿ ಇಪ್ಪತ್ತು ಫಿರಂಗಿ ಎರಕ ಹೊಯ್ಯಲು ಮಾಯೆ ಎಂಬ ಫ್ರೆಂಚನನ್ನು ನೇಮಿಸಲಾಗಿತ್ತು, ಕೆಲವು ವಿಗ್ರಹಗಳು ಏನು ಮಾಡಿದರೂ ಕರಗಲಿಲ್ಲ, ಎರಕವೂ ಕೂಡಿಬರಲಿಲ್ಲ, ಕೊನೆಗೆ ಅವನು ಕೆಲಸವನ್ನೇ ಬಿಟ್ಟು ಹೋದ. ಗಂಡಿಕೋಟದಲ್ಲಿ ಯೋಜನೆ ಕೈಕೊಟ್ಟವರ ಪಟ್ಟಿಯಲ್ಲಿ ಅವನಿಗೇ ಅಗ್ರಸ್ಥಾನ; ಚಾರ್ಜರ್ ಮರೆತು ಬಂದವರು ಅವನ ಮುಂದೆ ಏನೇನೂ ಅಲ್ಲ.

ಬಿಸಿಲೇರಿದ ಮೇಲೆ ಸುಮಾರು 60 ಕಿ.ಮೀ. ದೂರದ ಬೇಲಂ ಗುಹೆಗಳಿಗೆ ಹೋಗುವುದು ವಾಡಿಕೆ. ಮೂರು ಕಿಲೋಮೀಟರಿಗೂ ಉದ್ದದ ಈ ಸುಣ್ಣಕಲ್ಲಿನ ಗುಹೆಯೊಳಗೆ ಚಳಿಗಾಲದಲ್ಲೂ ಸೆಕೆ. ಸ್ವೆಟರುಗಳನ್ನು ಕಾರಿನಲ್ಲೇ ಬಿಡುವುದು ಒಳ್ಳೆಯದು. ವಾಪಸು ಹೊರಡುವವರು ಭಾನುವಾರ ಮಧ್ಯಾಹ್ನವೇ ಹೊರಟರೆ ಕತ್ತಲಾಗುವ ಹೊತ್ತಿಗೆ ಹೆಬ್ಬಾಳ ಮುಟ್ಟಬಹುದು. ಹೆಬ್ಬಾಳದಿಂದ ಮನೆ ಮುಟ್ಟುವ ಹೊತ್ತನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳುವುದಿಲ್ಲ.