ಚುಕ್ಕಿ ಮೀನಿನ ಬಾಡಿಗೆದಾರರು

ಪ್ಯಾಂಥರ್ ಗ್ರೂಪರ್ ಮರಿಯನ್ನು ಅಂಗಡಿಯಲ್ಲಿ ನೋಡಿ ಬರಿಗೈಯಲ್ಲಿ ವಾಪಸು ಬರುವುದು ಕಷ್ಟ. ಬೆರಳುದ್ದದ ಬಿಳಿ ಮೈ, ಮೈತುಂಬ ದುಂಡನೆಯ ಕಪ್ಪು ಚುಕ್ಕಿ, ಈಜು ಇನ್ನೂ ಕೈಗೂಡದವರ ಹಾಗೆ ತಲೆ ತಗ್ಗಿಸಿ ಈಜುರೆಕ್ಕೆ ಬಡಿಯುವ ಚೆಂದ. ಮಕ್ಕಳ ನೆಪ ಹೇಳಿ ಯಜಮಾನ ಪರ್ಸಿಗೆ ಕೈ ಹಾಕುತ್ತಾನೆ. ಮರಿ 70 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು ಎಂಬ ವಿಷಯ ಮಾತ್ರ ಬಿಲ್ಲಿನಲ್ಲಿ ಇರುವುದಿಲ್ಲ.

ಮೊದಲು ಬರುವುದು ನೀರಿನ ಲೆಕ್ಕ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಸಾವಿರ ಲೀಟರಿನ ತೊಟ್ಟಿಗೆ ಹೆಚ್ಚುಕಡಿಮೆ 35 ಕೆ.ಜಿ. ಅಡುಗೆಮನೆಯ ಉಪ್ಪು ಇಲ್ಲಿ ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಕೂಡಿಸಿದ ವಿಶೇಷ ಉಪ್ಪೇ ಬೇಕು. ಮೀನು ಸಹ ತಕ್ಷಣ ಗೃಹಪ್ರವೇಶ ಮಾಡುವಂತಿಲ್ಲ. ಅದರ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಮೊದಲು ಬಂದು ಸಂಸಾರ ಹೂಡಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಮನೆಮಂದಿ ಬರೀ ನೀರಿಗೆ ಲೈಟು ಹಾಕಿ ಕೂತು ನೋಡಬೇಕು. ಬಂದ ನೆಂಟರು 'ಮೀನು ಎಲ್ಲಿ?' ಎಂದರೆ ಯಜಮಾನ ಬ್ಯಾಕ್ಟೀರಿಯಾ ತೋರಿಸುತ್ತಾನೆ.

ಇನ್ನು ತೂಕ. ಸಾವಿರ ಲೀಟರ್ ನೀರೆಂದರೆ ಒಂದು ಟನ್ನು; ಗಾಜು, ಕಲ್ಲು, ಸ್ಟ್ಯಾಂಡು ಬೇರೆ. ಮೂರನೇ ಮಹಡಿಯ ಫ್ಲ್ಯಾಟಿನವರು ಎಂಜಿನಿಯರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು, ಕೆಳಗಿನ ಮನೆಯವರೊಂದಿಗೆ ಸಂಬಂಧ ಚೆನ್ನಾಗಿದ್ದರೂ ಸರಿ.

ಗ್ರೂಪರ್ ಮೀನಿನ ನೀತಿ ಸರಳ: ಬಾಯಲ್ಲಿ ಹಿಡಿಸಿದ್ದೆಲ್ಲ ಊಟ. ಬಾಯಿ ಫಕ್ಕನೆ ತೆರೆದರೆ ನೀರಿನ ಜೊತೆ ನೆರೆಮನೆಯ ಮೀನೂ ಒಳಗೆ. ಬಣ್ಣದ ಚಿಕ್ಕ ಮೀನುಗಳನ್ನು ಜೊತೆಗೆ ಬಿಟ್ಟವನು ಬೆಳಿಗ್ಗೆ ತಲೆ ಎಣಿಸಿದರೆ ಸಂಖ್ಯೆ ಕಡಿಮೆ, ಚುಕ್ಕಿರಾಯನ ಹೊಟ್ಟೆ ಹೆಚ್ಚು. ತಿನ್ನಿಸುವ ಕೈಯ ಗುರುತು ಅದಕ್ಕೆ ಬೇಗ ಹತ್ತುತ್ತದೆ. ಆಮೇಲೆ ಯಾರು ಕೋಣೆಗೆ ಬಂದರೂ ಗಾಜಿಗೆ ಮೂತಿ ಒತ್ತಿ ವಸೂಲಿಗೆ ನಿಲ್ಲುತ್ತದೆ. ಸೋಫಾ ಸರಿಯುತ್ತದೆ, ಟೀವಿ ಮಲಗುವ ಕೋಣೆಗೆ ಹೋಗುತ್ತದೆ, ಊರಿಗೆ ಹೋಗುವ ಮುಂಚೆ ಮೀನಿನ ಅನುಮತಿ ಬೇಕಾಗುತ್ತದೆ.

ಹಾಂಗ್‌ಕಾಂಗ್‌ನ ಹೋಟೆಲುಗಳಲ್ಲಿ ಇದೇ ಮೀನು ತೊಟ್ಟಿಯಿಂದ ನೇರ ತಟ್ಟೆಗೆ ಬರುವ ದುಬಾರಿ ಭಕ್ಷ್ಯ. ಕುಂದಾಪುರದ ಅತ್ತೆ ಇರುವ ಮನೆಗಳಲ್ಲಿ ಈ ಮಾಹಿತಿಯನ್ನು ಗುಟ್ಟಾಗಿ ಇಡುವುದು ಮೀನಿನ ಆಯುಷ್ಯಕ್ಕೆ ಕ್ಷೇಮ.

ಇನ್ನೂ ಧೈರ್ಯವಂತರಿಗೆ 'ಬಂಬಲ್‌ಬೀ' ಎಂಬ ಮುದ್ದು ಹೆಸರಿನ, ಹಳದಿ-ಕಪ್ಪು ಪಟ್ಟೆಯ ಮರಿ ಸಿಗುತ್ತದೆ. ಅದು ಜೈಂಟ್ ಗ್ರೂಪರ್. ಎರಡೂವರೆ ಮೀಟರ್ ದಾಟಬಲ್ಲ ಪ್ರಾಣಿ. ಅದಕ್ಕೆ ತೊಟ್ಟಿ ಕಟ್ಟಿಸುವುದಕ್ಕಿಂತ ಮನೆಯನ್ನು ಬಿಟ್ಟುಕೊಟ್ಟು ತೊಟ್ಟಿಯಲ್ಲಿ ತಾನೇ ಇರುವುದು ಅಗ್ಗ.

ಸಾಕಾಯಿತೆಂದು ಕಡಲಿಗೆ ಬಿಡುವುದು ಮಾತ್ರ ಸಲ್ಲದು. ಫ್ಲೋರಿಡಾದ ಕಡಲಲ್ಲಿ 1985ರಲ್ಲಿ ಹಿಂದೂ-ಪೆಸಿಫಿಕ್ ಸಾಗರದ ಲಯನ್‌ಫಿಶ್ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟಿದ್ದೇ ಮೂಲವೆಂದು ವಿಜ್ಞಾನಿಗಳು ನಂಬುತ್ತಾರೆ. ಈಗ ಅದು ಕೆರಿಬಿಯನ್ ತುಂಬ ಹಬ್ಬಿ, ಅಲ್ಲಿನ ಮರಿಮೀನುಗಳನ್ನು ಮುಗಿಸುತ್ತಿದೆ. ಚಪಲ ತಡೆಯದವರು ಹ್ಯಾಚರಿಯಲ್ಲೇ ಹುಟ್ಟಿದ ಕ್ಲೌನ್ ಮೀನಿನ ಜೋಡಿ ತರಲಿ. ನಮ್ಮ ದೇಶದಲ್ಲೂ ಅದರ ಮರಿ ಮಾಡಿಸುವ ವಿದ್ಯೆ ಇದೆ. ಗ್ರೂಪರೇ ಬೇಕೆಂದರೆ, ಅಂಗಡಿಯವನನ್ನು ಕೇಳಬೇಕಾದ್ದು ಬೆಲೆಯನ್ನಲ್ಲ, ಮುಂದಿನ ಉದ್ದವನ್ನು.