ಹಸಿರು ಕಂಡರಾಗದ ತೋಟಗಾರ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲೆಂಡ್ ಪಕ್ಕದ ಹಿಲ್ಸ್‌ಬರೊ, ಬೀವರ್ಟನ್ ಕಡೆ ಚಿಪ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿದ್ದಾರೆ. ಹಿತ್ತಿಲಲ್ಲಿ ಮೆಂತ್ಯ, ಹರಿವೆ ಬಿತ್ತಿ, ಚಳಿಗಾಲಕ್ಕೆ ಕರಿಬೇವಿನ ಕುಂಡವನ್ನು ಮನೆಯೊಳಗೆ ಸಾಗಿಸುವವರದು ಒಂದು ಪಂಗಡ. ಇನ್ನೊಂದು ಪಂಗಡ ಸಣ್ಣದು, ಆದರೆ ಗುಣವಾಗುವ ಭರವಸೆ ಇಲ್ಲದ್ದು: ಪೈನ್, ಸ್ಪ್ರೂಸ್‌ನಂಥ ಕೋನಿಫರ್ ಗಿಡಗಳ ಕುಳ್ಳ ತಳಿಗಳ ಹುಚ್ಚಿನವರು. ಇವರ ಪ್ರತಿನಿಧಿಗೆ ಒಂದು ಹೆಸರು ಬೇಕಲ್ಲ, ರಾಯರು ಎನ್ನೋಣ.

ಗಿಡ ಕುಳ್ಳಗಿದ್ದರಷ್ಟೇ ರಾಯರಿಗೆ ಸಾಲದು, ಬಣ್ಣವೂ ಕೆಟ್ಟಿರಬೇಕು. ಚಿಗುರಿನ ತುದಿ ಸುಣ್ಣ ಬಳಿದಷ್ಟು ಬೆಳ್ಳಗಾಗುವ 'ಜೆಂಟ್ಷ್ ವೈಟ್' ಹೆಮ್ಲಾಕ್ ಅವರ ಬಾಗಿಲ ಬಳಿಯೇ ಇದೆ. ಸೂಜಿಯೆಲೆಗಳ ಹಳದಿ ಪಟ್ಟೆಗಳು ಸೇರಿ ಮೇಲಿನಿಂದ ನೋಡಿದರೆ ಕಣ್ಣಿನಂತೆ ಕಾಣುವ 'ಡ್ರ್ಯಾಗನ್ಸ್ ಐ' ಪೈನ್ ಅಷ್ಟೇನೂ ಕುಳ್ಳಲ್ಲ. ಆದರೂ ಬಣ್ಣದ ಶಿಫಾರಸಿನ ಮೇಲೆ ಒಳಗೆ ಬಂದಿದೆ. ಅತಿಥಿಗಳು ಹೂ ಎಲ್ಲಿ, ಕಾಯಿ ಎಲ್ಲಿ ಎಂದು ಹುಡುಕುವಾಗ ರಾಯರು ಮಂಡಿಯೂರಿ ಲೇಬಲ್ ಓದಿ ಹೇಳುತ್ತಾರೆ.

ಅಮೆರಿಕನ್ ಕೋನಿಫರ್ ಸೊಸೈಟಿಯ ಅಳತೆಗೋಲು ಅವರಿಗೆ ಬಾಯಿಪಾಠ. ವರ್ಷಕ್ಕೆ 1 ಇಂಚಿಗಿಂತ ಕಡಿಮೆ ಬೆಳೆದರೆ ಮಿನಿಯೇಚರ್, 1ರಿಂದ 6 ಇಂಚು ಬೆಳೆದರೆ ಡ್ವಾರ್ಫ್. ಆಫೀಸಿನಲ್ಲಿ ಐದು ನಿಮಿಷ ತಡವಾದರೆ ಸಿಡುಕುವ ಮನುಷ್ಯ, ಇಲ್ಲಿ ಅರ್ಧ ಇಂಚಿಗಾಗಿ ಯುಗಾದಿಯಿಂದ ಯುಗಾದಿಗೆ ಟೇಪು ಹಿಡಿದು ಕಾಯುತ್ತಾರೆ. ಡ್ವಾರ್ಫ್ ಎಂದರೆ ಬೆಳವಣಿಗೆ ನಿಂತುಹೋದ ಗಿಡವಲ್ಲ, ನಿಧಾನದ ಗಿಡ ಅಷ್ಟೇ. ಈ ಸತ್ಯ ಗೊತ್ತಿಲ್ಲದೆ ಕಿಟಕಿಯ ಕೆಳಗೆ ನೆಟ್ಟ ಎದುರುಮನೆಯವರು ಈಗ ಹಗಲಲ್ಲೂ ದೀಪ ಹಾಕುತ್ತಾರೆ. ಕಡಿದು ಗಿಡ್ಡ ಮಾಡೋಣವೆಂದರೆ ಪೈನ್, ಸ್ಪ್ರೂಸ್‌ಗಳ ಬೋಳು ಕೊಂಬೆಯಿಂದ ಮತ್ತೆ ಚಿಗುರು ಬರುವುದೇ ಇಲ್ಲ.

ರಾಯರು ಕಾರು ಓಡಿಸುವಾಗ ಜೊತೆಗೆ ಕೂರುವವರಿಗೆ ಗಟ್ಟಿ ಎದೆ ಬೇಕು. ಅವರ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಮರದ ತುದಿಯಲ್ಲಿರುತ್ತದೆ. ದೊಡ್ಡ ಮರದಲ್ಲಿ ಎಲ್ಲೋ ಒಂದು ಮೊಗ್ಗು ದಾರಿತಪ್ಪಿ ಒತ್ತಾದ ಪೊದೆ ಕಟ್ಟಿಕೊಳ್ಳುತ್ತದೆ. ಅದಕ್ಕೆ 'ಮಾಟಗಾತಿಯ ಪೊರಕೆ' ಎಂದು ಹೆಸರು. ಅದರ ರೆಂಬೆ ತಂದು ಕಸಿ ಕಟ್ಟಿದರೆ ಹೊಸದೊಂದು ಕುಳ್ಳ ತಳಿ ಸಿಗಬಹುದು. ಕೈಗೆಟುಕದ ಪೊರಕೆಗೆ ಬಂದೂಕಿನಿಂದ ಗುಂಡು ಹೊಡೆದು ಕೆಡವುವವರೂ ಉಂಟು. ರಾಯರು ಅಲ್ಲಿಗೆ ಇನ್ನೂ ಮುಟ್ಟಿಲ್ಲ, ದುರ್ಬೀನು ಮಾತ್ರ ಕೊಂಡಿದ್ದಾರೆ.

ಅವರ ನಿಜಸ್ವರೂಪ ಕಾಣಬೇಕಾದರೆ ಕತ್ತರಿ ಹಿಡಿದಾಗ ನೋಡಬೇಕು. ಲೋಕವೆಲ್ಲ ಒಣಗಿದ್ದನ್ನು ಕತ್ತರಿಸಿದರೆ ಇವರು ದಷ್ಟಪುಷ್ಟವಾಗಿ ಹಸಿರಾದದ್ದನ್ನು ಹುಡುಕಿ ಕತ್ತರಿಸುತ್ತಾರೆ. ಕಾರಣವಿಲ್ಲದೆ ಅಲ್ಲ. ಬಿಳಿ ಪಟ್ಟೆಯಲ್ಲಿ ಪತ್ರಹರಿತ್ತು ಇಲ್ಲ, ಹಾಗಾಗಿ ಸ್ವಂತ ಸಂಪಾದನೆಯೂ ಇಲ್ಲ. ಪಕ್ಕದ ಹಸಿರಿನ ದುಡಿಮೆಯಲ್ಲೇ ಅದರ ಊಟ. ಇಂಥ ಗಿಡದಲ್ಲಿ ಪೂರಾ ಹಸಿರಾದ ಒಂದು ರೆಂಬೆ ಎದ್ದರೆ ಅದು ಉಳಿದವರನ್ನು ಹಿಂದೆ ಹಾಕಿ ಗಿಡವನ್ನೇ ಆಕ್ರಮಿಸಿಬಿಡುತ್ತದೆ. ಬಣ್ಣದವರ ನಾಜೂಕೋ, ಕೇಳಬೇಡಿ. ಮಧ್ಯಾಹ್ನದ ಬಿಸಿಲಿಗೆ ಬಿಳಿ ತುದಿ ಸುಟ್ಟು ಕಂದಾಗುತ್ತದೆ, ಪೂರ್ತಿ ನೆರಳಿಟ್ಟರೆ ಹಳದಿ ಮಾಸುತ್ತದೆ. ಅದರ ಮೇಲೆ ಆರೆಗಾನ್‌ನ ಈ ಭಾಗಕ್ಕೆ ಜುಲೈ, ಆಗಸ್ಟ್ ಒಣ ತಿಂಗಳುಗಳು. ಊರಲ್ಲಿ ಮಳೆ ಮನೆಯಿಂದ ಹೊರಗೆ ಕಾಲಿಡಲು ಬಿಡದ ಹೊತ್ತಿಗೆ ರಾಯರು ಇಲ್ಲಿ ಹೆಮ್ಲಾಕಿಗೆ ಛತ್ರಿ ಹಿಡಿದು ನಿಂತಿರುತ್ತಾರೆ.

ಶೃಂಗೇರಿ ಕಡೆಯ ಅಡಿಕೆ ತೋಟದ ಮನೆಯಿಂದ ಅಮ್ಮ ಆರು ತಿಂಗಳಿಗೆಂದು ಬಂದಾಗ ಪರೀಕ್ಷೆ ಶುರುವಾಯಿತು. ಆ ಸೀಮೆಯಲ್ಲಿ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ. ಸೋಗೆ ಹಳದಿಗಟ್ಟಿತೆಂದರೆ ಮನೆಯ ಲೆಕ್ಕಾಚಾರವೇ ಬುಡಮೇಲು. ಮಗನ ಅಂಗಳಕ್ಕೆ ಇಳಿದವರು ಎದೆ ಹಿಡಿದುಕೊಂಡರು.

"ಎಂತದಾ ಮಾಣಿ ಇದು, ಇಲ್ಲಿಗೂ ಬಂತಾ ಹಳದಿ ರೋಗ?"

"ರೋಗ ಅಲ್ಲ ಅಮ್ಮ, ಇದು ತಳಿ. ದುಡ್ಡು ಕೊಟ್ಟು ತಂದದ್ದು."

"ದುಡ್ಡು ಕೊಟ್ಟು?"

ಎಷ್ಟೆಂದು ರಾಯರು ಹೇಳಲಿಲ್ಲ. ಡಾಲರಿನಲ್ಲಿ ಹೇಳಿದರೂ ಅಮ್ಮ ರೂಪಾಯಿಗೆ ಇಳಿಸದೆ ಬಿಡುವವರಲ್ಲ. ಬುಡ ಬಿಡಿಸಿ ಸುಣ್ಣ ಹಾಕು, ಸೊಪ್ಪು ಹಾಕು ಎಂದು ಆಕೆ ದಿನವೂ ಹೇಳಿದರು.

ಆ ಅಂಗಳದಲ್ಲಿ ಆಕೆಗೆ ಹಿಡಿಸಿದ್ದು ಒಂದೇ, ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್‌ನ ನೆತ್ತಿಯಿಂದ ಎದ್ದ ನೇರ ರೆಂಬೆ. 1904ರಲ್ಲಿ ಆರ್ನಾಲ್ಡ್ ಆರ್ಬೊರೇಟಂ ಎಂಬ ಸಸ್ಯೋದ್ಯಾನದ ರೆಡರ್ ಮತ್ತು ಜ್ಯಾಕ್ ಕೆನಡಾದ ಲೇಕ್ ಲೂಯಿಸ್ ಬಳಿ ಕಂಡು ತಂದ ಈ ಕುಳ್ಳ ತಳಿ ಈಗ ಎಲ್ಲೆಲ್ಲೂ ಇದೆ. ಆದರೆ ಆಗಾಗ ತನ್ನ ಪೂರ್ವಿಕರು ಕಾಡಿನ ದೈತ್ಯರೆಂದು ಅದಕ್ಕೆ ನೆನಪಾಗಿಬಿಡುತ್ತದೆ. ಆಗ ಹೊರಡುವ ರೆಂಬೆಯನ್ನು ಬುಡಸಮೇತ ತೆಗೆಯಲೇಬೇಕು. ರಾಯರು ಕತ್ತರಿ ತಂದರೆ ಅಮ್ಮ ಅಡ್ಡ ನಿಂತರು. "ಇಷ್ಟರಲ್ಲಿ ಸರಿಯಾಗಿ ಏಳ್ತಾ ಇರೋದು ಇದೊಂದೇ. ಮುಟ್ಟಬೇಡ."

ರಾಯರು ಮುಟ್ಟಲಿಲ್ಲ. ಅಮ್ಮನನ್ನು ವಿಮಾನ ಹತ್ತಿಸಿ ಬಂದವರು ಬೂಟು ಬಿಚ್ಚುವ ಮುನ್ನವೇ ಕತ್ತರಿ ಆಡಿಸಿದರು. ಆಮೇಲಿಂದ ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಅಮ್ಮನ ಮೊದಲ ಪ್ರಶ್ನೆ ಆ ರೆಂಬೆಯದೇ. ರಾಯರು ಫೋನನ್ನು ಪಕ್ಕದ ಮನೆಯ ಡಗ್ಲಸ್ ಫರ್ ಮರದ ಕಡೆಗೆ ತಿರುಗಿಸುತ್ತಾರೆ.

"ಅಬ್ಬಾ, ಎಷ್ಟೆತ್ತರ ಆಯ್ತಾ!" ಎನ್ನುತ್ತಾರೆ ಅಮ್ಮ. "ಇನ್ನು ಮೆಣಸಿನ ಬಳ್ಳಿ ಹಬ್ಬಿಸು."